ಬಲಗಡೆಯ ಜೇಬು

ಅಂಗಿಯ ಜೇಬು ಬಲಗಡೆ ಇದೆ ಎಂಬುದು ದೊಡ್ಡಮ್ಮನ ಕಣ್ಣಿಗೆ ಬಿದ್ದಾಗ, ಎದುರಿನ ಜೈಲಿನಿಂದ ಅದನ್ನು ತೊಡಬೇಕಾದವರು ಹೊರಬರಲು ಇಪ್ಪತ್ತೇ ನಿಮಿಷ ಉಳಿದಿತ್ತು.

"ಏನೇ ಇದು?" ಅಂಗಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಅವಳು ಒಮ್ಮೆ ನನ್ನನ್ನು, ಒಮ್ಮೆ ಜೇಬನ್ನು ನೋಡಿದಳು. "ಆರು ವರ್ಷದಿಂದ ಹೊಲೀತಿದೀಯ. ಗಂಡಸರ ಜೇಬು ಯಾವ ಕಡೆ ಇರುತ್ತೆ ಅನ್ನೋದು ಈಗ ಮರ್ತುಹೋಯ್ತಾ?"

"ಮರ್ತಿಲ್ಲ."

"ಮತ್ತೆ?"

ನನಗೆ ಮಾತು ಬೇಗ ಬರುವುದಿಲ್ಲ. ಹೇಳಬೇಕಾದದ್ದು ಗಂಟಲವರೆಗೆ ಬಂದು ಅಲ್ಲಿ ಸರದಿಯಲ್ಲಿ ನಿಂತುಬಿಡುತ್ತದೆ. ಅದರ ಸರದಿ ಬರುವ ಹೊತ್ತಿಗೆ ಎದುರಿದ್ದವರು ಎದ್ದು ಹೋಗಿರುತ್ತಾರೆ. "ಇರಲಿ ದೊಡ್ಡಮ್ಮ" ಎಂದಷ್ಟೇ ಹೇಳಿದೆ.

"ಇರಲಂತೆ. ಮೂರು ವರ್ಷ ಒಳಗಿದ್ದು ಬರೋ ಮನುಷ್ಯ, ಮೊದಲನೇ ದಿನವೇ ಕನ್ನಡಿಯೊಳಗಿಂದ ಎದ್ದು ಬಂದವನ ಹಾಗೆ ರಸ್ತೇಲಿ ಓಡಾಡ್ಬೇಕಾ? ಬಿಚ್ಚು, ಬಿಚ್ಚು, ಬೇಗ ಬಿಚ್ಚಿ ಆ ಕಡೆ ಹಾಕು."

ನಾನು ಕತ್ತರಿ ಹುಡುಕಲು ತೊಡಗಿದೆ. ಕತ್ತರಿ ನನ್ನ ಮಡಿಲಲ್ಲೇ ಇತ್ತು. ಇಪ್ಪತ್ತು ನಿಮಿಷವೂ ಹುಡುಕಿದೆ.

ನಮ್ಮ ಕೋಣೆ ಜೈಲಿನ ದೊಡ್ಡ ಗೇಟಿಗೆ ನೇರ ಎದುರು, ರಸ್ತೆಯ ಈಚೆ ಬದಿಗಿದೆ. ಹಿಂದೆ ಅದು ಫೋಟೊ ಸ್ಟುಡಿಯೊ ಆಗಿತ್ತು. ಹಿಂದಿನ ಗೋಡೆಯ ಮೇಲೆ ಎಲ್ಲಿಗೂ ಹೋಗದ ಬಣ್ಣದ ಮೆಟ್ಟಿಲು, ಯಾರೂ ನಿಲ್ಲದ ಬಣ್ಣದ ಬಾಲ್ಕನಿ ಇನ್ನೂ ಹಾಗೇ ಇವೆ. ನಮ್ಮ ಚರ್ಚಿನವರು ಅದನ್ನು ಬಾಡಿಗೆಗೆ ಹಿಡಿದು, ಒಳಗಿರುವವರನ್ನು ನೋಡಲು ಬರುವ ಮನೆಯವರಿಗಾಗಿ ಬೆಂಚು ಹಾಕಿದ್ದಾರೆ. ಕಾಯುವವರಿಗೆ ಚಹಾ ಇರುತ್ತದೆ, ಮಕ್ಕಳಿಗೆ ಬಣ್ಣದ ಪೆನ್ಸಿಲು ಇರುತ್ತದೆ, ಅಳುವವರಿಗೆ ದೊಡ್ಡಮ್ಮನ ಹೆಗಲು ಇರುತ್ತದೆ. ಅವಳು ನನ್ನ ಅಮ್ಮನ ಅಕ್ಕ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು, ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳನ್ನು ಹೊಲಿಗೆ ಯಂತ್ರದ ಮುಂದೆ ಕೂರಿಸಿದವಳು. ಈಗ ಈ ಕೋಣೆಗೆಲ್ಲ ಅವಳೇ ಯಜಮಾನಿ, ಎಲ್ಲರಿಗೂ ದೊಡ್ಡಮ್ಮ.

ಬಿಡುಗಡೆಯಾಗಿ ಬರುವ ಪ್ರತಿಯೊಬ್ಬರಿಗೂ ನಾವು ಒಂದು ಜೊತೆ ಹೊಸ ಬಟ್ಟೆ ಕೊಡುತ್ತೇವೆ. ಯಾರೋ ಹಾಕಿ ಬಿಟ್ಟದ್ದಲ್ಲ, ಅವರ ಅಳತೆಗೇ ಹೊಲಿದದ್ದು. "ಹೊರಗೆ ಬಂದವನಿಗೆ ಮೊದಲು ಅಂಗಿ ಹೊಂದ್ಲಿ. ಲೋಕ ಆಮೇಲೆ ಹೊಂದುತ್ತೆ" ಎಂದು ಪಾಸ್ಟರ್ ಹೇಳುತ್ತಾರೆ. ಫೋಟೊ ತೊಳೆಯುತ್ತಿದ್ದ ಕತ್ತಲ ಕೋಣೆಯಲ್ಲಿ ಬಟ್ಟೆ ಬದಲಿಸಿಕೊಂಡು ಅವರು ಹೊರಬರುತ್ತಾರೆ. ಆಗ ತಾನೇ ತೊಳೆದ ಫೋಟೊಗಳ ಹಾಗೆ ಅವರ ಮುಖವೂ ಸ್ವಲ್ಪ ಒದ್ದೆಯಾಗಿರುತ್ತದೆ.

ಅಳತೆಯದ್ದೇ ಒಂದು ತೊಡಕು. ಟೇಪಿನ ತುದಿಯಲ್ಲಿ ತಗಡು ಇದೆಯೆಂದು ಅದನ್ನು ಗೇಟಿನೊಳಕ್ಕೆ ಬಿಡುವುದಿಲ್ಲ. ಹಾಗಾಗಿ ಒಳಗಿರುವ ಒಬ್ಬರು ದಪ್ಪ ನೂಲಿನಲ್ಲಿ ಅಳೆದು ಗಂಟು ಹಾಕುತ್ತಾರೆ. ತುದಿಯಿಂದ ಮೊದಲ ಗಂಟಿಗೆ ಕತ್ತು, ಎರಡನೆಯದಕ್ಕೆ ಭುಜ, ಆಮೇಲೆ ತೋಳು, ಉದ್ದ, ಕೊನೆಗೆ ಎದೆ. ಗುರುವಾರ ಪ್ರಾರ್ಥನೆ ನಡೆಸಲು ಒಳಗೆ ಹೋಗುವ ಪಾಸ್ಟರ್, ಆ ನೂಲುಗಳನ್ನು ಗೇಟಿನವರಿಗೆ ತೋರಿಸಿ ಲಕೋಟೆಯಲ್ಲಿಟ್ಟು ನನಗೆ ತಂದುಕೊಡುತ್ತಾರೆ.

ಎರಡು ವರ್ಷದಿಂದ ಗಂಟು ಹಾಕುತ್ತಿದ್ದವರು ಒಬ್ಬರೇ ಎಂದು ನನಗೆ ಗೊತ್ತಿತ್ತು. ಮುಖ ಗೊತ್ತಿಲ್ಲ, ಹೆಸರು ಗೊತ್ತಿಲ್ಲ. ಮನಸ್ಸಿನಲ್ಲೇ ನಾನು ಅವರನ್ನು ನೂಲಿನವರು ಎಂದು ಕರೆಯುತ್ತಿದ್ದೆ. ಒಬ್ಬರಿಗೆ ಹೊಟ್ಟೆ ಮುಂದಿದ್ದರೆ ಎದೆಯ ಗಂಟಿನಾಚೆ ಒಂದು ಪುಟ್ಟ ಗಂಟು ಇರುತ್ತಿತ್ತು. ಅಲ್ಲಿ ಸ್ವಲ್ಪ ಸಡಿಲ ಬಿಡಿ ಎಂದು ಅದರರ್ಥ. ಬೆನ್ನು ಬಾಗಿದ ಮುದುಕರೊಬ್ಬರಿಗೆ ಹಿಂದಿನ ಉದ್ದಕ್ಕೊಂದು, ಮುಂದಿನ ಉದ್ದಕ್ಕೊಂದು ಬೇರೆ ಬೇರೆ ಗಂಟು ಬಂದಿತ್ತು. ಅವರು ಅಂಗಿ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಾಗ ಅಂಚು ಸುತ್ತಲೂ ಸಮವಾಗಿ ಇಳಿದಿತ್ತು. "ನಾನು ನೆಟ್ಟಗಾಗಿಬಿಟ್ಟೆನಲ್ಲಮ್ಮ" ಎಂದು ಅವರು ನಕ್ಕಾಗ, ಆ ಕಡೆ ಯಾರೋ ಒಬ್ಬರು ನನ್ನ ಹಾಗೆಯೇ ಸುಮ್ಮನೆ ನೋಡುತ್ತಾ ಕೂರುವವರು ಇದ್ದಾರೆ ಅನ್ನಿಸಿತ್ತು.

ಹಿಂದಿನ ಗುರುವಾರ ಬಂದ ಲಕೋಟೆಯಲ್ಲಿ ಒಂದೇ ನೂಲು. "ಗಂಟು ಹಾಕೋನೇ ಹೊರಡ್ತಿದ್ದಾನೆ" ಎಂದರು ಪಾಸ್ಟರ್. ನಾನು ಆ ನೂಲನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಆಮೇಲೆ ಜೇಬನ್ನು ಬಲಗಡೆ ಹೊಲಿದೆ.

ನಾಲ್ಕು ಗಂಟೆಯ ಗಂಟೆ ಹೊಡೆಯಿತು. ಗೇಟಿನ ಸಣ್ಣ ಬಾಗಿಲಿನಿಂದ ಒಬ್ಬರು ತಲೆ ತಗ್ಗಿಸಿ ಹೊರಬಂದು ರಸ್ತೆ ದಾಟಿದರು. ಅವರ ಅಕ್ಕ ಮೊದಲೇ ಬಂದು ನಮ್ಮ ಬೆಂಚಿನಲ್ಲಿ ಕೂತಿದ್ದರು. ಬೇಕರಿಯಲ್ಲಿ ಕೆಲಸ ಮಾಡುವ ಅವರು, ತಮ್ಮನನ್ನು ನೋಡಲು ಬರುವಾಗಲೆಲ್ಲ ನಮಗೊಂದು ಚೀಲ ಬನ್ನು ತರುತ್ತಿದ್ದರು. ಈಗ ತಮ್ಮನ ಕೆನ್ನೆಗೆ ಎರಡು ಸಲ ಮೆಲ್ಲಗೆ ಹೊಡೆದು, ಮೂರನೇ ಸಲ ಅಪ್ಪಿಕೊಂಡು, "ಸಣ್ಣಗಾಗಿದ್ದೀಯ, ಅಂಗಿ ಹಾಕ್ಕೊ ಹೋಗು" ಎಂದರು.

ಕತ್ತಲ ಕೋಣೆಯಿಂದ ಅವರು ಹೊರಬಂದರು. ಕನ್ನಡಿಯ ಮುಂದೆ ನಿಂತರು. ಬಿಡುಗಡೆಯ ಚೀಟಿ ಕೈಯಲ್ಲಿತ್ತು. ಅದನ್ನು ಎಲ್ಲಿಡುವುದೆಂದು ಯೋಚಿಸದೆಯೇ ಅವರ ಎಡಗೈ ಎದೆಯ ಮೇಲೆ ಹಾದು ನೇರ ಬಲಗಡೆಯ ಜೇಬಿಗೆ ಹೋಯಿತು. ಚೀಟಿ ಒಳಗಿಳಿಯಿತು. ಆಮೇಲೆ ಅವರು ತಮ್ಮ ಕೈಯನ್ನೇ ನೋಡಿಕೊಂಡರು, ಯಾರೋ ಕರೆದು ನಿಲ್ಲಿಸಿದವರಂತೆ.

"ತಪ್ಪಾಗಿದೆ ಕಣಪ್ಪಾ" ದೊಡ್ಡಮ್ಮ ಧಾವಿಸಿದಳು. "ನಮ್ಮ ಹುಡುಗಿ ಯಾವುದೋ ಲೋಕದಲ್ಲಿದ್ಲು. ಬಿಚ್ಚಿಕೊಡು, ಹತ್ತು ನಿಮಿಷದಲ್ಲಿ ಸರಿ ಮಾಡ್ತಾಳೆ."

"ತಪ್ಪಾ?" ಅವರು ನಗತೊಡಗಿದರು. "ಇಪ್ಪತ್ತೊಂಬತ್ತು ವರ್ಷಕ್ಕೆ ಮೊದಲನೇ ಸಲ ಒಂದು ಜೇಬು ಸರಿಯಾದ ಕಡೆ ಇದೆ ದೊಡ್ಡಮ್ಮ. ನಾನು ಎಡಗೈಯವನು ಅಂತ ಇವರಿಗೆ ಹೇಳಿದ್ದು ಯಾರು? ಅಕ್ಕಾ, ನೀನಾ?"

"ನಾನ್ಯಾಕೆ ಹೇಳ್ಲಿ? ನಿನ್ನ ಕುಂದುಕೊರತೆ ಪಟ್ಟಿ ಮಾಡ್ಕೊಂಡು ಓಡಾಡ್ತೀನಾ?"

ಮೂವರೂ ನನ್ನ ಕಡೆ ತಿರುಗಿದರು. ಮಾತು ಎಂದಿನಂತೆ ಗಂಟಲಲ್ಲೇ ನಿಂತಿತು. ನಾನು ಅವರ ನೂಲನ್ನು ಎತ್ತಿ, ಒಂದು ಗಂಟನ್ನು ಬೆರಳಿನಿಂದ ತೋರಿಸಿದೆ. ಪಕ್ಕದಲ್ಲೇ ಇನ್ನೊಂದು ನೂಲಿಗೆ ನಾನೊಂದು ಗಂಟು ಹಾಕಿ ಎರಡನ್ನೂ ಜೊತೆಗೆ ಹಿಡಿದೆ. ನನ್ನದು ಬಲಕ್ಕೆ ಒರಗಿತ್ತು. ಅವರದು ಎಡಕ್ಕೆ.

ಅವರು ಬಗ್ಗಿ ನೋಡಿದರು. ಗಂಟನ್ನು ನೋಡಿ ಮುಗಿದ ಮೇಲೂ ಬಗ್ಗಿಯೇ ಇದ್ದರು. ಆಮೇಲೆ ಕಣ್ಣೆತ್ತಿ, "ಎರಡು ವರ್ಷದಿಂದ ನಾನೊಬ್ಬನೇ ನೋಡ್ತಿದ್ದೀನಿ ಅಂದ್ಕೊಂಡಿದ್ದೆ" ಎಂದರು.

ನನ್ನ ಕಿವಿ ಬಿಸಿಯಾಯಿತು. ಕತ್ತರಿ ಮಡಿಲಿನಿಂದ ಜಾರಿ ಬಿತ್ತು.

"ಓಹೋ, ಕತ್ತರಿ ಸಿಕ್ತಾ?" ಎಂದಳು ದೊಡ್ಡಮ್ಮ.

*

ನಮ್ಮ ಕೋಣೆಯ ಗೋಡೆಗೆ ಒಂದು ಬೋರ್ಡು ನೇತುಹಾಕಿದೆ. ಅದರಲ್ಲಿ ಸೇವೆಗೆ ಬರುವವರು ಪಾಲಿಸಬೇಕಾದ ಕಾನೂನುಗಳಿವೆ. ನಾಲ್ಕನೆಯದು: ಬಿಡುಗಡೆಯಾದವರ ಜೊತೆ ಒಂದು ವರ್ಷದವರೆಗೆ ಸ್ವಂತ ನಂಟು ಬೇಡ. ಕಾಗದ, ಫೋನ್ ನಂಬರ್, ಉಡುಗೊರೆ ಯಾವುದೂ ಬೇಡ. ಹಿಂದೊಮ್ಮೆ ಯಾರೋ ಇದನ್ನು ಮುರಿದು, ಜೈಲಿನವರು ನಮ್ಮ ಅನುಮತಿಯನ್ನೇ ನಿಲ್ಲಿಸಿದ್ದರು. ನಾಲ್ಕು ತಿಂಗಳು ಕೋಣೆಗೆ ಬೀಗ. ಮಕ್ಕಳನ್ನು ಎತ್ತಿಕೊಂಡ ಹೆಂಗಸರು ರಸ್ತೆಯ ಬಿಸಿಲಲ್ಲಿ ನಿಂತು ಕಾದಿದ್ದನ್ನು ನಾನೇ ನೋಡಿದ್ದೇನೆ.

ಎಲ್ಲರೂ ಸೇರುವ ಮಂಗಳವಾರದ ಕೂಟಕ್ಕೆ ಮಾತ್ರ ಅವರು ಬರಬಹುದಿತ್ತು. ಬಂದರು. ಮೊದಲ ಕೂಟದಲ್ಲೇ ಎದ್ದು ನಿಂತು, ಚರ್ಚಿನ ರೂಢಿಯಂತೆ ತಮ್ಮ ಬದುಕಿನ ಸಾಕ್ಷಿ ಹೇಳಿದರು. ಎರಡು ದಿನ ನಿದ್ದೆಯಿಲ್ಲದೆ ವ್ಯಾನ್ ಓಡಿಸಿದ್ದು, ಕಣ್ಣು ಮುಚ್ಚಿದ ಒಂದು ಗಳಿಗೆಯಲ್ಲಿ ರಸ್ತೆ ಬದಿಯಲ್ಲಿದ್ದ ಒಬ್ಬರ ಕಾಲು ಹೋದದ್ದು. "ಆಗ ನೋಡ್ಬೇಕಿತ್ತು, ನೋಡ್ಲಿಲ್ಲ. ಅವತ್ತಿಂದ ಎಲ್ಲಾನೂ ನೋಡ್ತೀನಿ" ಎಂದು ಕೂತರು. ಹೊರಬಂದ ಮೊದಲ ಭಾನುವಾರವೇ ಚರ್ಚ್ ಮುಗಿದ ಮೇಲೆ ಕಾಲು ಕಳೆದುಕೊಂಡ ಆ ಮನುಷ್ಯನ ಬಾಗಿಲು ತಟ್ಟಿದರಂತೆ. ಆತ ಬಾಗಿಲು ತೆಗೆಯಲಿಲ್ಲವಂತೆ.

"ಮುಂದಿನ ಭಾನುವಾರ?" ಎಂದು ಪಾಸ್ಟರ್ ಕೇಳಿದರು.

"ತಟ್ತೀನಿ."

ಸೈಕಲ್ ರಿಪೇರಿ ಅಂಗಡಿಯಲ್ಲಿ ಅವರಿಗೆ ಕೆಲಸ ಸಿಕ್ಕಿತು. ಮಂಗಳವಾರ ಬರುವಾಗ ಕೈಬೆರಳಿನ ಗೆರೆಗಳಲ್ಲಿ ಗ್ರೀಸ್ ಉಳಿದಿರುತ್ತಿತ್ತು. ಬೆಂಚು ಜೋಡಿಸುವ ನೆಪದಲ್ಲಿ ನನ್ನ ಯಂತ್ರದ ಹತ್ತಿರ ಸುಳಿಯುತ್ತಿದ್ದರು, ಹತ್ತು ಜನರ ಎದುರಿನಲ್ಲೇ.

"ಇವತ್ತು ಎಷ್ಟು ಮಾತಾಡಿದ್ರಿ?"

"ಮೂರು."

"ಇದು ಸೇರಿಸಿನಾ?"

"ನಾಲ್ಕು."

"ಒಂದನ್ನ ನನಗಂತ ಖರ್ಚು ಮಾಡಿದ್ರಲ್ಲ" ಎಂದು ಎದೆಯ ಮೇಲೆ ಕೈಯಿಟ್ಟುಕೊಳ್ಳುತ್ತಿದ್ದರು. ಎಡಗೈ, ಬಲಜೇಬಿನ ಮೇಲೆ. ಅವರು ಅತ್ತ ಹೋದ ಮೇಲೆ ನಾನು ಹೊಲಿದ ಸಾಲು ಯಾವಾಗಲೂ ಸೊಟ್ಟಗಿರುತ್ತಿತ್ತು. ಬಿಚ್ಚಿ ಮತ್ತೆ ಹೊಲಿಯುತ್ತಿದ್ದೆ.

ಐದನೇ ಮಂಗಳವಾರ, ಕೂಟ ಮುಗಿದು ಎಲ್ಲರೂ ಹೋದ ಮೇಲೆ, ಬೋರ್ಡು ನೇತುಹಾಕಿದ ಮೊಳೆಯಲ್ಲೇ ಒಂದು ನೂಲು ತೂಗುತ್ತಿರುವುದು ಕಂಡಿತು. ಯಾರದೋ ಅಳತೆ ಎಂದುಕೊಂಡು ತೆಗೆದು ಟೇಪಿನ ಪಕ್ಕ ಇಟ್ಟೆ. ನಲವತ್ತೇಳು ಗಂಟುಗಳು, ಬೆರಳು ಬೆರಳಷ್ಟು ದೂರಕ್ಕೆ. ಇದರಲ್ಲಿ ಕತ್ತು ಯಾವುದು, ಭುಜ ಯಾವುದು? ತಲೆಬುಡ ಹತ್ತಲಿಲ್ಲ. ಗುರುವಾರ ಪಾಸ್ಟರಿಗೆ ತೋರಿಸಿದೆ.

"ನಾನು ತಂದಿದ್ದಲ್ಲಮ್ಮ" ಅವರು ಕನ್ನಡಕ ಸರಿಪಡಿಸಿಕೊಂಡು ನೋಡಿದರು. "ಜರಿಹುಳಕ್ಕೆ ಕಾಲುಚೀಲ ಹೊಲೀಬೇಕೇನೋ."

ನೂಲನ್ನು ಮತ್ತೆ ಮೊಳೆಗೇ ಹಾಕಿದೆ. ಮುಂದಿನ ಮಂಗಳವಾರ ಕಸ ಗುಡಿಸುವಾಗ ಸುಮ್ಮನೆ ಎಣಿಸಿದೆ. ನಲವತ್ತಾರು. ಮತ್ತೆ ಎಣಿಸಿದೆ. ನಲವತ್ತಾರೇ. ನೂಲು ತೂಗುತ್ತಿದ್ದುದು ನಾಲ್ಕನೇ ಕಾನೂನಿನ ಮೇಲೆ. ಅದರ ತುದಿ 'ಒಂದು ವರ್ಷ' ಎಂಬಲ್ಲಿ ಅಲ್ಲಾಡುತ್ತಿತ್ತು. ವರ್ಷ ತುಂಬಲು ಉಳಿದಿದ್ದ ವಾರಗಳೂ ನಲವತ್ತಾರು.

ಎಲ್ಲ ಗಂಟುಗಳೂ ಎಡಕ್ಕೆ ಒರಗಿದ್ದವು.

ಪೊರಕೆ ಹಿಡಿದುಕೊಂಡೇ ನಾನು ಬಣ್ಣದ ಮೆಟ್ಟಿಲಿನ ಮುಂದೆ ಕೂತುಬಿಟ್ಟೆ. ಆ ದಿನ ಅದನ್ನು ಹತ್ತಿ ಬಾಲ್ಕನಿಗೆ ಹೋಗಬಹುದು ಅನ್ನಿಸುವಂತಿತ್ತು.

ಆಮೇಲೆ ನನ್ನ ವಾರಕ್ಕೆ ಒಂದೇ ದಿನವಾಯಿತು. ಮಂಗಳವಾರ ಅವರು ಬೋರ್ಡಿನ ಹತ್ತಿರ ನಿಂತು, ಎಲ್ಲರಿಗೂ ಬೆನ್ನು ಮಾಡಿ, ಒಂದು ಗಂಟು ಬಿಚ್ಚುತ್ತಾ, ಕಾನೂನುಗಳನ್ನು ಭಕ್ತಿಯಿಂದ ಓದುವವರ ಹಾಗೆ ಕಾಣುತ್ತಿದ್ದರು. "ಎಷ್ಟು ಒಳ್ಳೇ ಹುಡುಗ, ಪ್ರತಿ ವಾರ ಓದ್ತಾನೆ" ಎಂದು ದೊಡ್ಡಮ್ಮ ಮೆಚ್ಚಿಕೊಂಡಳು. ನಾನು ಸೂಜಿಗೆ ದಾರ ಪೋಣಿಸುತ್ತಲೇ ಇದ್ದೆ, ಪೋಣಿಸಿದ್ದ ಸೂಜಿಗೆ. ಒಂದು ಮಾತೂ ಆಡಲಿಲ್ಲ ನಾವು. ಅವರು ತಿರುಗುವಾಗ ಒಂದು ಸಲ ನೋಡುತ್ತಿದ್ದರು. ಕಣ್ಣು ನನ್ನ ಮೇಲೆ ಬಂದು, ಯಂತ್ರದ ಚಕ್ರಕ್ಕೆ ಇಳಿದು, ಅಲ್ಲಿಂದ ಬಾಗಿಲಿಗೆ ಹೋಗುತ್ತಿತ್ತು. ಅಷ್ಟೇ. ಅಷ್ಟರಲ್ಲಿ ನನಗೆ ಏಳು ದಿನ ಸಾಗುತ್ತಿತ್ತು.

*

ಹತ್ತೊಂಬತ್ತು ಗಂಟು ಉಳಿದಿದ್ದಾಗ ನಮ್ಮ ಅನುಮತಿ ನವೀಕರಿಸುವ ಸಮಯ ಬಂತು. ಸೇವೆಯಲ್ಲಿರುವ ಎಲ್ಲರೂ ಒಂದು ಕಾಗದಕ್ಕೆ ಸಹಿ ಹಾಕಬೇಕು: ಬಿಡುಗಡೆಯಾದವರಿಂದ ನಾನು ಕಾಗದವನ್ನಾಗಲಿ ಉಡುಗೊರೆಯನ್ನಾಗಲಿ ಪಡೆದಿಲ್ಲ.

ಶನಿವಾರ ಮಧ್ಯಾಹ್ನ ದೊಡ್ಡಮ್ಮ ಪೆನ್ನು ಕೊಟ್ಟಳು. ನಾನು ಕಾಗದವನ್ನು ನೋಡಿದೆ. ಬೆಂಚಿನ ಮೇಲೆ ಒಬ್ಬ ತಾಯಿ ಮಗುವಿನ ಜಡೆ ಹೆಣೆಯುತ್ತಿದ್ದಳು, ಅಪ್ಪನಿಗೆ ಚೆಂದ ಕಾಣಲಿ ಎಂದು. ನನ್ನ ಸುಳ್ಳು ಹೊರಬಿದ್ದರೆ ಅವಳು ಎಲ್ಲಿ ಕೂತು ಜಡೆ ಹೆಣೆಯಬೇಕು?

"ನಾನು ಸಹಿ ಹಾಕಲ್ಲ ದೊಡ್ಡಮ್ಮ."

"ಯಾಕೆ, ಪೆನ್ನು ಬರೀತಿಲ್ವಾ?"

ನಾನು ಎದ್ದು ಮೊಳೆಯಿಂದ ನೂಲು ತೆಗೆದು ಅವಳ ಕೈಯಲ್ಲಿಟ್ಟೆ. ಜೀವನದಲ್ಲಿ ಮೊದಲ ಸಲ ಒಂದೇ ಉಸಿರಿನಲ್ಲಿ ಅಷ್ಟೊಂದು ಮಾತಾಡಿದೆ. ಅವಳು ಪಾಸ್ಟರನ್ನು ಕರೆಸಿದಳು. ಇಬ್ಬರೂ ಚಹಾ ಇಟ್ಟುಕೊಂಡು ವಿಚಾರಣೆಗೆ ಕೂತರು.

"ಇದರಲ್ಲಿ ಒಂದು ಅಕ್ಷರವೂ ಇಲ್ವಲ್ಲಮ್ಮ" ಎಂದರು ಪಾಸ್ಟರ್, ನನ್ನ ಪರ ವಕೀಲರಂತೆ. "ಅಕ್ಷರ ಇಲ್ದೆ ಕಾಗದ ಹೇಗಾಗುತ್ತೆ?"

"ಅರ್ಥ ಇದೆಯಲ್ಲ ಪಾಸ್ಟರೇ."

"ಗಂಟಿಗೆ ಅರ್ಥ ಅಂತ ಎಲ್ಲಿದೆ?"

ದೊಡ್ಡಮ್ಮ ನನ್ನ ಕಡೆ ತಿರುಗಿದಳು. "ನಿನಗೆ ಅರ್ಥ ಆಯ್ತೇನೇ?"

"ಆಯ್ತು."

"ಹಾಗಿದ್ರೆ ಕಾಗದವೇ."

ಪಾಸ್ಟರ್ ತಮ್ಮ ಚಹಾದ ಲೋಟ ಎತ್ತಿಕೊಂಡರು.

ತೀರ್ಪು ಹೀಗಾಯಿತು: ಇದ್ದದ್ದನ್ನು ಇದ್ದ ಹಾಗೆ ಕಾಗದದಲ್ಲಿ ಬರೆಯುವುದು. ವರ್ಷ ತುಂಬುವವರೆಗೆ ಅವರು ಕೋಣೆಗೆ ಬರುವಂತಿಲ್ಲ. ನೂಲು ದೊಡ್ಡಮ್ಮನ ಸೂಜಿ ಡಬ್ಬಿಯಲ್ಲಿರುತ್ತದೆ, ವಾರಕ್ಕೊಂದು ಗಂಟನ್ನು ಅವಳೇ ಬಿಚ್ಚುತ್ತಾಳೆ.

"ಕೋಪ ಮಾಡ್ಕೋಬೇಡ" ಎಂದು ಆಮೇಲೆ ನನ್ನ ಹತ್ತಿರ ಕೂತಳು. "ಹೊರಗೆ ಬಂದ ಹೊಸದ್ರಲ್ಲಿ ಮನುಷ್ಯನಿಗೆ ಬಾಯಾರಿಕೆ ಕಣೇ. ಯಾರು ಒಂದು ಲೋಟ ನೀರು ಕೊಟ್ರೂ ಅದನ್ನೇ ಪ್ರೀತಿ ಅಂದ್ಕೊಳ್ತಾನೆ. ತನ್ನ ನೀರು ತಾನು ಕುಡಿಯೋ ಹಾಗಾದ್ಮೇಲೂ ನಿನ್ನ ನೆನಪು ಬಂತು ಅಂದ್ರೆ, ಆಗ ನೋಡೋಣ. ಈ ಕಾನೂನು ಇರೋದೇ ಅದಕ್ಕೆ."

ಆ ಮಾತು ನೆಟ್ಟಗೆ ಹೋಗಿ ನಾಟಿತು. ಅವರು ಕಂಡದ್ದು ನನ್ನನ್ನಾ, ಜೇಬನ್ನಾ?

ಮಂಗಳವಾರ ದೊಡ್ಡಮ್ಮ ಅವರನ್ನು ಹೊರಗೇ ತಡೆದು ಮಾತಾಡಿದಳು. ನಾನು ಗಾಜಿನ ಈಚೆಯಿಂದ ನೋಡಿದೆ. ಅವರು ತಲೆಯಾಡಿಸಿದರು, ಮತ್ತೊಮ್ಮೆ ಆಡಿಸಿದರು. ಕಿಟಕಿಯ ಕಡೆ ನೋಡಲಿಲ್ಲ. ನೋಡಬಾರದೆಂದು ಒಪ್ಪಿದ್ದರಿಂದ ನೋಡಲಿಲ್ಲ. ಸೈಕಲ್ ತಳ್ಳಿಕೊಂಡು ಹೊರಟು, ನಾಲ್ಕು ಹೆಜ್ಜೆ ಹೋದ ಮೇಲೆ ಎಡಗೈ ಎತ್ತಿ ಬಲಜೇಬನ್ನು ಒಮ್ಮೆ ಮುಟ್ಟಿಕೊಂಡರು.

ಜೈಲಿನ ಅಧಿಕಾರಿ ನಮ್ಮ ಕಾಗದ ಓದಿ "ನೂಲಾ?" ಎಂದು ಕೇಳಿ, ನಗು ತಡೆಯಲು ಬಹಳ ಹೊತ್ತು ಕೆಮ್ಮಿದರಂತೆ. ಅನುಮತಿ ಸಿಕ್ಕಿತು.

*

ದೊಡ್ಡಮ್ಮ ಗಂಟು ಬಿಚ್ಚುವುದು ನೋಡುವ ಹಾಗಿತ್ತು. "ಇವನೇನು ಹಡಗು ಕಟ್ಟಿಹಾಕೋದಕ್ಕೆ ಗಂಟು ಹಾಕಿದ್ದಾನಾ?" ಎಂದು ಉಗುರು ಮುರಿದುಕೊಂಡು, ಸೂಜಿ ಚುಚ್ಚಿ, ಹಲ್ಲಿನಲ್ಲಿ ಕಚ್ಚಿ, ಒಂದು ಗಂಟಿಗೆ ಅರ್ಧ ಗಂಟೆ. ಬಿಚ್ಚಿದ ಮೇಲೆ ನನ್ನ ಕಡೆ ನೋಡದೆ "ಹದಿನೇಳು" ಎನ್ನುವಳು. ಮುಂದಿನ ವಾರ "ಹದಿನಾರು."

ಅವರ ಅಕ್ಕ ಬನ್ನಿನ ಚೀಲ ತರುವುದನ್ನು ಬಿಟ್ಟಿರಲಿಲ್ಲ. ತಮ್ಮನ ಸುದ್ದಿ ಹೇಳಬಾರದೆಂದು ದೊಡ್ಡಮ್ಮ ಅವರಿಗೂ ತಾಕೀತು ಮಾಡಿದ್ದಳು. ಅವರು ಚೀಲದಿಂದ ಒಂದು ಬನ್ನು ತೆಗೆದು ಬೆಂಚಿನ ಮೇಲಿಟ್ಟು ಅದನ್ನೇ ನೋಡುತ್ತಾ, "ಈ ಬನ್ನು ಚೆನ್ನಾಗಿದೆ. ಬೆಳಿಗ್ಗೆ ಏಳಕ್ಕೆ ಎದ್ದು ಕೆಲಸಕ್ಕೆ ಹೋಗುತ್ತೆ. ಈಚೆಗೆ ಸ್ವಲ್ಪ ಉಬ್ಬಿದೆ. ಹೋದ ಭಾನುವಾರ ಆ ಮನೆಯವರು ಇದಕ್ಕೆ ಬಾಗಿಲು ತೆಗೆದ್ರು, ಕೂರಿಸಿ ಮಾತಾಡಿಸಿದ್ರು" ಎಂದರು.

"ಬನ್ನಿನ ಸುದ್ದಿ ಸಾಕು" ಎಂದಳು ದೊಡ್ಡಮ್ಮ. ಆದರೆ ಆ ಬನ್ನನ್ನು ನನಗೇ ಕೊಟ್ಟಳು.

ಅದೇ ಕೊನೆ. ಆಮೇಲೆ ಅಕ್ಕನಿಗೂ ಬೇಕರಿಯಲ್ಲಿ ಪಾಳಿ ಬದಲಾಗಿ, ಬನ್ನೂ ಇಲ್ಲ, ಸುದ್ದಿಯೂ ಇಲ್ಲ. ಬಾಗಿಲು ತೆರೆಯಿತು, ಕೆಲಸ ಇದೆ, ಮೈ ತುಂಬಿದೆ. ಬಾಯಾರಿಕೆ ತೀರಿರಬೇಕು, ಎಂದುಕೊಂಡೆ. ಒಳ್ಳೆಯದೇ ಅಲ್ಲವೇ, ನಾವೆಲ್ಲ ಪ್ರಾರ್ಥಿಸಿದ್ದೂ ಅದಕ್ಕೇ ಅಲ್ಲವೇ ಎಂದು ನನಗೆ ನಾನೇ ಹೇಳಿಕೊಂಡು, ಹತ್ತಾರು ಅಂಗಿಗಳಿಗೆ ಎಡಗಡೆ ಜೇಬು ಹೊಲಿದೆ.

ಐದು ಗಂಟು ಉಳಿದಿದ್ದ ಒಂದು ಗುರುವಾರ ಮಧ್ಯಾಹ್ನ ಕೋಣೆಯಲ್ಲಿ ನಾನೊಬ್ಬಳೇ ಇದ್ದೆ. ಆವತ್ತು ಒಂದು ತಪ್ಪು ಮಾಡಿದೆ. ಅದನ್ನು ಯಾರಿಗೂ ಹೇಳಲಿಲ್ಲ.

*

ಐವತ್ತೆರಡನೇ ಮಂಗಳವಾರ ದೊಡ್ಡಮ್ಮ ಡಬ್ಬಿ ತೆಗೆದಳು. ನೂಲಿನಲ್ಲಿ ಒಂದೇ ಗಂಟು. "ಇದನ್ನ ಅವನೇ ಬಂದು ಬಿಚ್ಚಲಿ. ನನ್ನ ಉಗುರು ಇನ್ನು ಉಳಿದಿಲ್ಲ" ಎಂದು ಮೇಜಿನ ಮೇಲಿಟ್ಟಳು.

ಕೂಟ ಶುರುವಾಯಿತು. ಸ್ತೋತ್ರ ಹಾಡಿದರು. ಬಾಗಿಲು ಕಿರ್ರೆಂದಾಗಲೆಲ್ಲ ನಾನು ತಲೆ ತಗ್ಗಿಸಿದೆ, ದೊಡ್ಡಮ್ಮ ತಲೆ ಎತ್ತಿದಳು. ನಾಲ್ಕಾಯಿತು. ಐದಾಯಿತು. ಬೆಂಚು ಜೋಡಿಸಿದ್ದಾಯಿತು. ದೊಡ್ಡಮ್ಮ ಎರಡು ಸಲ ರಸ್ತೆಗೆ ಹೋಗಿ, ಚಪ್ಪಲಿ ಒದರುವ ನೆಪ ಮಾಡಿ ಬಂದಳು.

"ಸೈಕಲ್ ಪಂಕ್ಚರ್ ಆಗಿರ್ಬೇಕು" ಎಂದಳು.

"ಅವರು ಪಂಕ್ಚರ್ ಹಾಕೋರೇ ದೊಡ್ಡಮ್ಮ."

ಅವಳು ನೂಲನ್ನು ಮತ್ತೆ ಡಬ್ಬಿಗೆ ಹಾಕಿ, ನನ್ನ ತಲೆಯ ಮೇಲೆ ಕೈಯಿಟ್ಟು, ಹಾಗೇ ನಿಂತಳು.

ಬುಧವಾರ ಭೇಟಿಯ ದಿನವಲ್ಲ. ಕೋಣೆಯಲ್ಲಿ ನಾನು, ದೊಡ್ಡಮ್ಮ ಇಬ್ಬರೇ. ನಾನು ಯಂತ್ರ ತುಳಿಯುತ್ತಿದ್ದೆ, ಯಾಕೆಂದರೆ ಅದರ ಸದ್ದಿನಲ್ಲಿ ಯಾರೂ ನನ್ನನ್ನು ಮಾತಾಡಿಸುವುದಿಲ್ಲ. ಎದುರಿನ ಗೇಟಿನಲ್ಲಿ ನಾಲ್ಕು ಗಂಟೆ ಹೊಡೆಯಿತು. ನಾಲ್ಕನೇ ಹೊಡೆತದ ಜೊತೆಗೇ ನಮ್ಮ ಬಾಗಿಲಿಗೂ ಒಂದು ತಟ್ಟು ಬಿತ್ತು.

ಅದೇ ಅಂಗಿ. ಬಣ್ಣ ಮಾಸಿದೆ, ಕಾಲರ್ ಸವೆದಿದೆ, ಎದೆಯ ಹತ್ತಿರ ಗುಂಡಿ ಉಸಿರು ಬಿಗಿಹಿಡಿದಿದೆ.

"ನಿನ್ನೆ ಬರ್ಬೇಕಿತ್ತು" ಎಂದಳು ದೊಡ್ಡಮ್ಮ, ಜಡ್ಜಿನ ದನಿಯ ಹಿಂದೆ ಇನ್ನೊಂದು ದನಿ ಬಚ್ಚಿಟ್ಟು.

"ನಾನು ಹೊರಗೆ ಬಂದಿದ್ದು ಮಂಗಳವಾರ. ಐವತ್ತೆರಡು ವಾರ ಅಂದ್ರೆ ಮುನ್ನೂರ ಅರವತ್ನಾಲ್ಕು ದಿನ ದೊಡ್ಡಮ್ಮ. ಬೋರ್ಡಲ್ಲಿ ಒಂದು ವರ್ಷ ಅಂತಿದೆ. ಒಂದು ದಿನ ಕಮ್ಮಿ ಬೀಳುತ್ತೆ." ಅವರು ಕರವಸ್ತ್ರದಲ್ಲಿ ಹಣೆ ಒರೆಸಿಕೊಂಡರು. "ಗಂಟು ಹಾಕೋವಾಗ ಲೆಕ್ಕ ತಪ್ಪಿದ್ದೆ. ನಿನ್ನೆ ಅಂಗಡೀಲಿ ಒಂದೇ ಚಕ್ರವನ್ನ ಮೂರು ಸಲ ಬಿಚ್ಚಿ ಜೋಡ್ಸಿದೀನಿ. ಗಿರಾಕಿ ಸೈಕಲ್ ಬೇಡ ಅಂತ ನಡ್ಕೊಂಡೇ ಹೋದ್ರು."

ದೊಡ್ಡಮ್ಮ ಒಳಗೆ ಹೋದಳು. ಒಂದು ಲೋಟ ನೀರು ತಂದು ಅವರ ಮುಂದೆ ಹಿಡಿದಳು.

"ಬೇಡ ದೊಡ್ಡಮ್ಮ, ಈಗಷ್ಟೇ ಕುಡಿದು ಬಂದೆ" ಎಂದರು ಅವರು.

ಅವಳು ನನ್ನನ್ನು ನೋಡಿದಳು. ನಾನು ಅವಳನ್ನು ನೋಡಿದೆ. ಯಾಕೆ ಇಬ್ಬರೂ ಹೀಗೆ ನಗುತ್ತಿದ್ದಾರೆಂದು ತಿಳಿಯದೆ ಅವರು ಲೋಟವನ್ನು ನೋಡಿದರು.

ದೊಡ್ಡಮ್ಮ ಡಬ್ಬಿಯಿಂದ ನೂಲು ತೆಗೆದುಕೊಟ್ಟಳು. ಅವರು ಅದನ್ನು ಕಿಟಕಿಯ ಹತ್ತಿರ ಒಯ್ದರು. ಉಳಿದಿದ್ದ ಒಂದೇ ಗಂಟಿನ ಮೇಲೆ ಹೆಬ್ಬೆರಳು ಹೋಗಿ ಅಲ್ಲೇ ನಿಂತಿತು. ಬೆಳಕಿಗೆ ಹಿಡಿದರು. ತಿರುಗಿಸಿ ಹಿಡಿದರು.

"ಇದು ನನ್ನ ಗಂಟಲ್ಲ."

"ನಾನು ಮುಟ್ಟಿಲ್ಲಪ್ಪ" ಎಂದಳು ದೊಡ್ಡಮ್ಮ ತಕ್ಷಣ. "ವಾರಕ್ಕೊಂದೇ ಬಿಚ್ಚಿದೀನಿ, ಈ ಕೈಯಾಣೆಗೂ."

"ಬಲಕ್ಕೆ ಒರಗಿದೆ" ಎಂದರು ಅವರು, ಅವಳಿಗಲ್ಲ. ಯಂತ್ರದ ಕಡೆ ತಿರುಗಿ, ತುಂಬಾ ಮೆಲ್ಲಗೆ ಕೇಳಿದರು: "ಯಾವಾಗ?"

ಮಾತು ಗಂಟಲಿಗೆ ಬಂತು. ಈ ಸಲ ಎದುರಿದ್ದವರು ಎದ್ದು ಹೋಗಲಿಲ್ಲ. ಕಾದರು. ಅವರಿಗೆ ಕಾಯುವುದು ರೂಢಿಯಾಗಿತ್ತು.

"ಐದು ಉಳಿದಿದ್ದಾಗ" ಎಂದೆ. "ಒಂದು ಗುರುವಾರ."

"ಯಾಕೆ?"

"ಕೊನೇದು ಬಿಚ್ಚಿದ್ರೆ ಹೇಗಿರುತ್ತೆ ಅಂತ ನೋಡ್ಬೇಕನ್ನಿಸ್ತು."

"ಹೇಗಿತ್ತು?"

"ಬಿಚ್ಚಿ ನೋಡ್ದೆ. ನೀವಿರ್ಲಿಲ್ಲ. ಅದಕ್ಕೇ ಮತ್ತೆ ಹಾಕ್ಬಿಟ್ಟೆ."

ಅವರು ಬಂದು ಯಂತ್ರದ ಮೇಲೆ ನೂಲನ್ನಿಟ್ಟರು.

"ಈಗ ಬಿಚ್ಚಿ" ಎಂದರು. "ಇದ್ದೀನಿ."

ಗಂಟು ನನ್ನದೇ ಆಗಿದ್ದರಿಂದ ಬೇಗ ಬಿಚ್ಚಿಕೊಂಡಿತು. ನೂಲು ಒಂದು ವರ್ಷದ ಸುಕ್ಕುಗಳನ್ನು ಹೊತ್ತು ನನ್ನ ಅಂಗೈ ಮೇಲೆ ಉದ್ದಕ್ಕೆ ಮಲಗಿತು.

"ನನಗೊಂದು ಹೊಸ ಅಂಗಿ ಬೇಕು" ಎಂದರು ಅವರು. ಗ್ರೀಸಿನ ಗೆರೆಗಳ ಆ ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡಿದ್ದರು. "ಚರ್ಚಿಗೆ ಹಾಕ್ಕೊಳ್ಳೋದಕ್ಕೆ. ನೀವು ಪಕ್ಕದಲ್ಲಿ ನಿಂತಿರೋ ದಿನಕ್ಕೆ. ಆದ್ರೆ ನನ್ನ ಅಳತೆ ನಾನೇ ತಗೊಂಡ್ರೆ ಭುಜ ಸರಿ ಬರಲ್ಲ. ಹೋದ ಸಲ ಎರಡು ಬೆರಳು ಜಾಸ್ತಿ ಆಗಿತ್ತು. ನೀವು ಹೇಳ್ಲಿಲ್ಲ, ನನಗೆ ಗೊತ್ತಾಯ್ತು."

"ಎರಡೂವರೆ" ಎಂದೆ.

ಅವರು ನಕ್ಕಾಗ ಎದೆಯ ಗುಂಡಿ ಕೊನೆಗೂ ಕೈಚೆಲ್ಲಿ ಹಾರಿ ಹೋಗಿ ಬಣ್ಣದ ಮೆಟ್ಟಿಲಿನ ಬುಡದಲ್ಲಿ ಬಿತ್ತು.

ಟೇಪು ನನ್ನ ಕೊರಳಲ್ಲೇ ಇತ್ತು. ನಾನು ಅದನ್ನು ಮುಟ್ಟಲಿಲ್ಲ. ಸ್ಟೂಲು ಎಳೆದು ಹತ್ತಿ ನಿಂತು, ಆ ನೂಲಿನ ಒಂದು ತುದಿಯನ್ನು ಅವರ ಒಂದು ಭುಜಕ್ಕೆ ಒತ್ತಿ ಹಿಡಿದೆ. ಎರಡು ವರ್ಷ ಗಂಟುಗಳಲ್ಲಿ ಕಂಡ ಮನುಷ್ಯ, ಒಂದು ವರ್ಷ ಕಾನೂನಿನ ಆಚೆ ಉಳಿದ ಮನುಷ್ಯ, ಈಗ ನನ್ನ ಬೆರಳ ಕೆಳಗೆ ಬೆಚ್ಚಗೆ ಉಸಿರಾಡುತ್ತಿದ್ದರು. ನೂಲು ಇನ್ನೊಂದು ಭುಜದವರೆಗೆ ಹೋಯಿತು. ಅಲ್ಲಿ ಒಂದು ಗಂಟು ಹಾಕಿದೆ. ಬಲಕ್ಕೆ ಒರಗಿತು.

"ಉಸಿರಾಡಿ" ಎಂದೆ.

"ನೀವು ಮೊದ್ಲು" ಎಂದರು.

ಅಷ್ಟರಲ್ಲಿ ಒಳಗೆ ಸರಿದಿದ್ದ ದೊಡ್ಡಮ್ಮ ಮೂಗು ಒರೆಸಿಕೊಳ್ಳುವ ಸದ್ದು ಕೇಳಿಸಿತು. ಆಮೇಲೆ ಲೋಟಗಳ ಸದ್ದು. ಆಮೇಲೆ ಅವಳ ಎಂದಿನ ಯಜಮಾನಿಕೆಯ ದನಿ: "ಏನೇ, ಜೇಬು ಬಲಗಡೆ ಕಣೇ, ಮರೀಬೇಡ."

"ಮರ್ತಿಲ್ಲ" ಎಂದೆ.